ಮೂತ್ರಕೋಶದ ಕ್ಯಾನ್ಸರ್ ಮತ್ತು ಮೂತ್ರ ಪರೀಕ್ಷೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಬೆಟ್ಟ-ಬ್ಯಾಣಗಳಲ್ಲಿ ಮೇಯುವ ದನ ಕೆಂಪು ಮೂತ್ರ ಮಾಡಿದರೆ ಮುಖ್ಯವಾಗಿ ಎರಡು ಕಾರಣ ನೆನಪಿರಲಿ. ಉಣುಗಿನಿಂದ ಹರಡುವ ಬೆಬೀಸಿಯಾ ರೋಗದಲ್ಲಿ ಕೆಂಪು ರಕ್ತಕಣ ಒಡೆದು ಹಿಮೋಗ್ಲೋಬಿನ್ ಮೂತ್ರಕ್ಕಿಳಿಯುತ್ತದೆ. ಬ್ರಾಕನ್ ಎಂಬ ಜರೀಗಿಡವನ್ನು ಬಹುಕಾಲ ಮೇಯ್ದ ದನದಲ್ಲಾದರೋ ಅದರ ಟಾಕ್ವಿಲೋಸೈಡ್ ವಿಷ ಮೂತ್ರಕೋಶದಲ್ಲಿ ಗಡ್ಡೆ ಬೆಳೆಸಿ ರಕ್ತವನ್ನೇ ಸುರಿಸುತ್ತದೆ. ಮೂತ್ರವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ರಕ್ತಕಣವಾದರೆ ತಳಕ್ಕಿಳಿದು ಮೇಲಿನ ದ್ರವ ತಿಳಿಯಾಗುತ್ತದೆ. ಹಿಮೋಗ್ಲೋಬಿನ್ ಆದರೆ ಕೆಂಪು ಹಾಗೇ ಉಳಿಯುತ್ತದೆ. ಪರೀಕ್ಷೆಗೆ ಓದುವ ಅಭ್ಯರ್ಥಿಗಳಿಗೆ ಗೊಂದಲವಾಗುವುದು ಇಲ್ಲೇ, ಎರಡು ಸಲ ಓದಿ.

ಮನುಷ್ಯರಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಪ್ರಮುಖ ಕಾರಣ ಧೂಮಪಾನ. ಸಾಮಾನ್ಯ ಲಕ್ಷಣ ನೋವಿಲ್ಲದ ರಕ್ತಮೂತ್ರ.

ಮೂತ್ರದಲ್ಲಿ ಉದುರಿದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸೈಟಾಲಜಿಯನ್ನು 1945ರಲ್ಲಿ ಪಾಪಾನಿಕೊಲಾವ್ ಮತ್ತು ಮಾರ್ಷಲ್ ವಿವರಿಸಿದರು. ಉಗ್ರ ಸ್ವರೂಪದ ಗಡ್ಡೆಯನ್ನು ಇದು ಚೆನ್ನಾಗಿ ಹಿಡಿಯುತ್ತದೆ, ನಿಧಾನವಾಗಿ ಬೆಳೆಯುವುದನ್ನು ಎಷ್ಟೋ ಸಲ ಬಿಟ್ಟುಬಿಡುತ್ತದೆ. ಎನ್‌ಎಂಪಿ-22 ಪರೀಕ್ಷೆ ಹುಡುಕುವುದು ಪ್ರೋಟೀನನ್ನು. ಯೂರೋವಿಷನ್ ಪರೀಕ್ಷೆ ನೋಡುವುದು 3, 7, 17ನೇ ವರ್ಣತಂತುಗಳನ್ನೂ 9ನೆಯದರ ಒಂದು ಭಾಗವನ್ನೂ. ಇವು ಯಾವುವೂ ಮೂತ್ರಕೋಶದೊಳಗೆ ನಳಿಕೆ ಹಾಕಿ ನೋಡುವ ಸಿಸ್ಟೋಸ್ಕೋಪಿಗೆ ಬದಲಿಯಲ್ಲ; ರೋಗವನ್ನು ಖಚಿತಪಡಿಸುವುದು ಬಯಾಪ್ಸಿ.

ಅಭ್ಯರ್ಥಿಗಳ ಪರೀಕ್ಷೆಯಾಚೆಗೂ ಒಂದು ಮಾತು: ಮನೆಯಲ್ಲಿ ಯಾರಿಗಾದರೂ ಒಮ್ಮೆ ಮೂತ್ರದಲ್ಲಿ ರಕ್ತ ಕಂಡು ತಾನಾಗಿ ನಿಂತರೂ ವೈದ್ಯರ ಬಳಿ ಕರೆದೊಯ್ಯಿರಿ.