ದುಂಡು ವಜ್ರ ಕೊಳ್ಳುವವರಿಗೆ ಒಂಬತ್ತು ಸೂತ್ರಗಳು

ರೊಬಸ್ಟಾ ಕಾಫಿಯ ಕೊಯ್ಲು ಮುಗಿದು, ಚೆರ್ರಿ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಕಳಸ, ಮೂಡಿಗೆರೆ ಕಡೆ ಮದುವೆಗಳ ಕಾಲ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಲಗ್ನಪತ್ರಿಕೆ ಇಟ್ಟು ಬಂದವರು ಒಡವೆಗೆಂದು ಚಿಕ್ಕಮಗಳೂರಿಗೋ ಮಂಗಳೂರಿಗೋ ಹೊರಡುತ್ತಾರೆ. ಚಿನ್ನದ ಲೆಕ್ಕ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ವಜ್ರದ ಓಲೆ, ಮೂಗುಬೊಟ್ಟು, ಉಂಗುರ ಎಂದಾಗ ಮಾತ್ರ ಅಂಗಡಿಯ ಹೆಸರನ್ನೇ ನಂಬಿ ದುಡ್ಡು ಎಣಿಸುತ್ತೇವೆ. ಹೆಸರಿಗೂ ಬೆಲೆಯಿದೆ. ಆದರೆ ಕಲ್ಲು ಹೊಳೆಯುವುದು ಅದನ್ನು ಕತ್ತರಿಸಿದ ರೀತಿಯಿಂದ, ಅಂದರೆ ಕಟ್‌ನಿಂದ. ಮೊದಲು ಅಳತೆ, ಆಮೇಲೆ ಹೆಸರು: ಈ ಕ್ರಮ ತಪ್ಪದಿರಲಿ.

1. ತೂಕಕ್ಕಿಂತ ಮೊದಲು ಕಟ್ ಕೇಳಿ

ಚೆರ್ರಿಗೆ ರೇಟು ಹೇಳುವಾಗ ವ್ಯಾಪಾರಿ 50 ಕೆಜಿ ಮೂಟೆಯ ತೂಕವೊಂದನ್ನೇ ನೋಡುವುದಿಲ್ಲ, ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಬೀಜದ ಪಾಲು) ಎಷ್ಟು ಎಂದು ಕೇಳುತ್ತಾನೆ. ವಜ್ರದ ಔಟ್‌ಟರ್ನ್ ಎಂದರೆ ಒಳಹೊಕ್ಕ ಬೆಳಕಿನಲ್ಲಿ ಕಣ್ಣಿಗೆ ಮರಳಿ ಬರುವ ಪಾಲು. ಅದನ್ನು ತೀರ್ಮಾನಿಸುವುದು ಕಲ್ಲಿನ 57 ಮುಖಗಳ ಕೋನಗಳು. ತುದಿಯನ್ನೂ ಚಪ್ಪಟೆ ಮಾಡಿದ್ದರೆ ಮುಖಗಳು 58.

2. ಈ ಅಂಕಿಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ

ಟೇಬಲ್, ಅಂದರೆ ಮೇಲಿನ ಚಪ್ಪಟೆ ಮುಖ: ವ್ಯಾಸದ ಶೇ. 54ರಿಂದ 58.
ಒಟ್ಟು ಆಳ: ಶೇ. 59ರಿಂದ 62.5.
ಮೇಲ್ಭಾಗದ ಕ್ರೌನ್ ಕೋನ: 34ರಿಂದ 35 ಡಿಗ್ರಿ.
ಕೆಳಭಾಗದ ಪೆವಿಲಿಯನ್ ಕೋನ: 40.6ರಿಂದ 41 ಡಿಗ್ರಿ.

ವಜ್ರ ಕತ್ತರಿಸುವ ಮನೆತನದ ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲೇ ಲೆಕ್ಕ ಹಾಕಿ 53, 34.5, 40.75 ಎಂಬ ಟೇಬಲ್, ಕ್ರೌನ್, ಪೆವಿಲಿಯನ್ ಅಳತೆಗಳನ್ನು ಕೊಟ್ಟಿದ್ದರು. ಇಂದಿನ ಒಳ್ಳೆಯ ಕಲ್ಲುಗಳು ಅವುಗಳ ಆಸುಪಾಸಿನಲ್ಲೇ ಇವೆ. ಪೆವಿಲಿಯನ್ ತೀರಾ ತೆಳುವಾದರೆ ಟೇಬಲ್ಲಿನೊಳಗೆ ಮಂಕು ಬಿಳಿಯ ಉಂಗುರವೊಂದು ಕಾಣುತ್ತದೆ. ತೀರಾ ಆಳವಾದರೆ ನಡುಭಾಗ ಕಪ್ಪಾಗುತ್ತದೆ.

3. ‘ಎಕ್ಸಲೆಂಟ್’ ಎಂದ ಮಾತ್ರಕ್ಕೆ ನಿಲ್ಲಬೇಡಿ

ಜಿಐಎ ಪ್ರಯೋಗಾಲಯ ದುಂಡು ವಜ್ರಗಳಿಗೆ 2006ರಿಂದ ಕಟ್ ದರ್ಜೆ ಕೊಡುತ್ತಿದೆ. ಅದರ ಅತ್ಯುನ್ನತ ದರ್ಜೆಯೊಳಗೂ ಅಳತೆಗಳ ವ್ಯಾಪ್ತಿ ವಿಶಾಲ. ವರದಿಯಲ್ಲಿರುವ ಚಿತ್ರದ ಕೋನಗಳನ್ನು ನಿಮ್ಮ ಚೀಟಿಯೊಂದಿಗೆ ಹೋಲಿಸಿ. ಕ್ರೌನ್ 35ರ ಕಡೆಗಿದ್ದರೆ ಪೆವಿಲಿಯನ್ 40.6ರ ಹತ್ತಿರವಿರಬೇಕು. ಎರಡೂ ಒಟ್ಟಿಗೆ ಕಡಿದಾದರೆ ಬೆಳಕು ತಳದಿಂದ ಸೋರಿಹೋಗುತ್ತದೆ.

4. ವ್ಯಾಸ ನೋಡಿ

ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರೆಟ್ ದುಂಡು ವಜ್ರ ಸುಮಾರು 6.5 ಮಿ.ಮೀ. ಅಗಲವಿರುತ್ತದೆ. ಅದೇ ತೂಕದ ಕಲ್ಲು 6.2 ಮಿ.ಮೀ. ಇದ್ದರೆ ತೂಕ ಹೊಟ್ಟೆಯಲ್ಲೋ ಅಂಚಿನಲ್ಲೋ ಅಡಗಿದೆ ಎಂದರ್ಥ. ನೋಡಲು 87 ಸೆಂಟಿನ (0.87 ಕ್ಯಾರೆಟ್) ಕಲ್ಲಿನಷ್ಟೇ, ಬೆಲೆ ಮಾತ್ರ ಪೂರ್ತಿ ಕ್ಯಾರೆಟಿನದು.

5. ಮೋಡದ ಬೆಳಕಿನಲ್ಲಿ ಪರೀಕ್ಷಿಸಿ

ಶೋರೂಮಿನ ಸ್ಪಾಟ್‌ಲೈಟಿನ ಕೆಳಗೆ ಸಾಧಾರಣ ಕಲ್ಲೂ ಕಿಡಿ ಹಾರಿಸುತ್ತದೆ. ನಮ್ಮ ಘಟ್ಟದ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರುವುದು ಮಳೆಯ ಮಬ್ಬು ಬೆಳಕು. ಓಲೆ ಹೊಳೆಯಬೇಕಾದ್ದು ಅಲ್ಲಿ. ಕಲ್ಲನ್ನು ಕಿಟಕಿಯ ಬಳಿ ತಂದು, ನೇರ ಬಿಸಿಲಿಗೆ ಹಿಡಿಯದೆ, ನಿಧಾನವಾಗಿ ಓರೆಯಾಗಿಸಿ ನೋಡಿ. ಅಂಚಿನವರೆಗೂ ಬೆಳ್ಳಗೆ ಬೆಳಗಿದರೆ ಕಟ್ ಒಳ್ಳೆಯದು.

6. ಏಳು ಕಲ್ಲಿನ ಓಲೆಗೆ ಲೆಕ್ಕ ಬೇರೆ

ಜೊತೆ ಓಲೆಯ 14 ಕಲ್ಲು ಸೇರಿ ಒಂದು ಕ್ಯಾರೆಟ್ ಆದರೆ ಒಂದೊಂದೂ ಏಳು ಸೆಂಟಿನಷ್ಟು. ಒಂಟಿ ಕ್ಯಾರೆಟ್ ಕಲ್ಲಿನ ದರ ಇದಕ್ಕೆ ಅನ್ವಯಿಸದು, ಏಕೆಂದರೆ ಕಲ್ಲು ದೊಡ್ಡದಾದಂತೆ ಪ್ರತಿ ಕ್ಯಾರೆಟಿನ ದರವೇ ಏರುತ್ತದೆ. ಇಷ್ಟು ಸಣ್ಣ ಕಲ್ಲುಗಳಿಗೆ ಸಾಮಾನ್ಯವಾಗಿ ಬಿಡಿಬಿಡಿ ವರದಿ ಇರುವುದಿಲ್ಲ, ಇಡೀ ಒಡವೆಗೆ ಒಂದೇ ಇರುತ್ತದೆ. ಹಾಗಾಗಿ ಲೂಪ್ (ಭೂತಗನ್ನಡಿ) ಕೇಳಿ ಪಡೆದು, ಎರಡೂ ಓಲೆಗಳ ಎಲ್ಲ ಕಲ್ಲು ಒಂದೇ ಅಳತೆ, ಒಂದೇ ಹೊಳಪಿನವೇ ಎಂದು ನೋಡಿ.

7. ಹೆಸರು ಏನು ಕೊಡುತ್ತದೆ ಎಂದು ಕೇಳಿ

ವಜ್ರಕ್ಕೆ ಹೆಸರಿನ ಮೋಡಿ ಹೊಸದಲ್ಲ. ಹಿಂದಿನವರು ಅಭಿಮಾನದಿಂದ ಹೇಳುತ್ತಿದ್ದ ‘ಬ್ಲೂ ಜಾಗರ್’ ವಜ್ರಕ್ಕೆ ಆ ಹೆಸರು ಬಂದದ್ದು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯಿಂದ. ಇಂದು ಟಾಟಾದ ತನಿಷ್ಕ್ ಇದೆ, ಡಿ ಬಿಯರ್ಸ್‌ನ ಫಾರೆವರ್‌ಮಾರ್ಕ್ ಇದೆ. ಬ್ರ್ಯಾಂಡಿಗೆ ಹೆಚ್ಚು ಕೊಡುವುದಾದರೆ ಮೂರು ಪ್ರಶ್ನೆ ಕೇಳಿ. ವರದಿ ಕೊಟ್ಟದ್ದು ಮಾರುವವರಿಂದ ಸ್ವತಂತ್ರವಾದ ಪ್ರಯೋಗಾಲಯವೇ? ವಾಪಸು ಕೊಂಡರೆ, ಬದಲಿಸಿದರೆ ಎಷ್ಟು ಕಡಿತ? ಅದು ಬರವಣಿಗೆಯಲ್ಲಿ ಇದೆಯೇ? ‘ಹಾರ್ಟ್ಸ್ ಅಂಡ್ ಆ್ಯರೋಸ್’ ಕಟ್ ಎಂದು ಹೇಳಿದರೆ ಅದನ್ನು ನೋಡುವ ಸಾಧನವನ್ನೇ ಕೇಳಿ. ಮೇಲಿನಿಂದ ಎಂಟು ಬಾಣ, ಕೆಳಗಿನಿಂದ ಎಂಟು ಹೃದಯ ಒಂದೇ ಸಮನಾಗಿ ಕಾಣಬೇಕು.

8. ಗಣಿಯದೋ ಲ್ಯಾಬಿನದೋ, ಬಿಲ್ಲಿನಲ್ಲಿ ಬರೆಸಿ

ಲ್ಯಾಬಿನಲ್ಲಿ ಬೆಳೆಸಿದ್ದೂ ನಿಜವಾದ ವಜ್ರವೇ. ಕಟ್ ನಿಯಮಗಳು ಎರಡಕ್ಕೂ ಒಂದೇ, ಬೆಲೆಯಲ್ಲಿ ಭಾರಿ ಅಂತರ. ಅಂಗಡಿಯ ಶಾಖ ಪರೀಕ್ಷೆಯ ಪೆನ್ನು ಎರಡನ್ನೂ ವಜ್ರವೆಂದೇ ತೋರಿಸುತ್ತದೆ. ಪ್ರಯೋಗಾಲಯದ ವರದಿಯೇ ಆಧಾರ. ಕಲ್ಲಿನ ಅಂಚಿನಲ್ಲಿ ಲೇಸರ್‌ನಿಂದ ಕೊರೆದ ಸಂಖ್ಯೆ ಇದ್ದರೆ, ಅದು ವರದಿಯ ಸಂಖ್ಯೆಯೊಂದಿಗೆ ತಾಳೆಯಾಗುತ್ತದೆಯೇ ಎಂದು ಲೂಪಿನಲ್ಲಿ ಓದಿ. ಹಾಲ್‌ಮಾರ್ಕ್‌ನ ಆರು ಅಕ್ಷರದ ಎಚ್‌ಯುಐಡಿ ಭರವಸೆ ಕೊಡುವುದು ಚಿನ್ನಕ್ಕೆ ಮಾತ್ರ, ಕಲ್ಲಿಗಲ್ಲ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕಲ್ಲಿನ ತೂಕ ಬೇರೆ ಬೇರೆ ಇರಲಿ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ.

9. ಕೊಂಡ ಮೇಲೆ ಹಿಂಬದಿ ತೊಳೆಯಿರಿ

ವಜ್ರಕ್ಕೆ ಜಿಡ್ಡು ಬಹಳ ಬೇಗ ಅಂಟುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಓಲೆಯ ಹಿಂಬದಿ ಸೇರಿದರೆ ಎಷ್ಟೇ ಒಳ್ಳೆಯ ಕಟ್ ಆದರೂ ಮಂಕಾಗುತ್ತದೆ. ಹಿಂಬದಿ ತೆರೆದ ಓಲೆಯಾದರೆ ಉಗುರುಬೆಚ್ಚಗಿನ ಸೋಪಿನ ನೀರು, ಮೆದು ಬ್ರಷ್ ಸಾಕು. ಹಿಂಬದಿ ಮುಚ್ಚಿದ ಹಳೆಯ ಓಲೆಯನ್ನು ನೀರಿಗೆ ಹಾಕದೆ ಆಚಾರಿಯ ಕೈಗೆ ಕೊಡಿ.

ಮೊದಲ ಭೇಟಿಯಲ್ಲೇ ಮುಂಗಡ ಕೊಡಬೇಡಿ. ಎರಡು ಅಂಗಡಿಗಳ ವರದಿಯ ಫೋಟೊ ತೆಗೆದುಕೊಂಡು ಬಂದು, ಮನೆಯಲ್ಲಿ ಚೀಟಿಯೊಂದಿಗೆ ತಾಳೆ ನೋಡಿ. ವರ್ಷವಿಡೀ ದುಡಿದ ತೋಟದ ದುಡ್ಡಿಗೆ ಒಂದು ಸಂಜೆಯ ಈ ಲೆಕ್ಕ ಖಂಡಿತ ಸಲ್ಲಬೇಕು.