ಜೀಪಿನ ಹೊಟ್ಟೆ ನೆಲಕ್ಕೆ ತಾಗದಿರಲು

ಮಳೆಗಾಲ ಮುಗಿಯುವ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟದ ರಸ್ತೆಗಳಲ್ಲಿ ಚಕ್ರದ ಜಾಡು ಎರಡೂ ಬದಿ ಆಳವಾಗಿ ಕೊರೆದುಹೋಗಿರುತ್ತದೆ. ನಡುವೆ ಹುಲ್ಲು ಬೆಳೆದ ದಿಬ್ಬ ಹಾಗೆಯೇ ಉಳಿದಿರುತ್ತದೆ. ಇಂಥ ಕಡೆ ಜೀಪು ನಿಂತುಬಿಡುವುದು ಹೆಚ್ಚಾಗಿ ಆ ದಿಬ್ಬದ ಮೇಲೆ ಹೊಟ್ಟೆ ಕೂತು. ಆಗ ಮಾಲೀಕರಿಗೆ ಗಾಡಿ ಎತ್ತರಿಸುವ ಯೋಚನೆ ಬರುತ್ತದೆ, ಗ್ಯಾರೇಜಿನವರು ಲಿಫ್ಟ್ ಕಿಟ್ ಹಾಕೋಣ ಅನ್ನುತ್ತಾರೆ. ಹಣ ಕೊಡುವ ಮುನ್ನ ಒಂದು ವಿಷಯ ಮನದಟ್ಟಾಗಬೇಕು. ಲಿಫ್ಟ್ ಕಿಟ್ ಎತ್ತುವುದು ಬಾಡಿಯನ್ನು. ಆಕ್ಸಲ್ ಇದ್ದಲ್ಲೇ ಇರುತ್ತದೆ.

ಮಾರುತಿ ಜಿಪ್ಸಿ, ಮಹೀಂದ್ರದ ಹಳೆಯ ಎಂಎಂ 540, ಈಗಿನ ಜಿಮ್ನಿ, ಇವೆಲ್ಲ ಹಿಂದೆ ಮುಂದೆ ಎರಡೂ ಕಡೆ ಸಾಲಿಡ್ ಆಕ್ಸಲ್ ಇರುವ ಗಾಡಿಗಳು. ಒಂದು ಚಕ್ರದಿಂದ ಇನ್ನೊಂದು ಚಕ್ರದವರೆಗೆ ಒಂದೇ ಗಟ್ಟಿ ಕೊಳವೆ, ಅದರಲ್ಲಿ ಕೆಳಕ್ಕೆ ಉಬ್ಬಿದ ಡಿಫರೆನ್ಷಿಯಲ್ ಹೌಸಿಂಗ್. ನೆಲಕ್ಕೆ ತೀರಾ ಹತ್ತಿರವಿರುವ ಭಾಗ ಸಾಮಾನ್ಯವಾಗಿ ಇದೇ. ಆಕ್ಸಲ್ ನಿಂತಿರುವುದು ಚಕ್ರದ ಮೇಲೆ, ಸ್ಪ್ರಿಂಗ್ ಕಟ್ಟಿರುವುದು ಆಕ್ಸಲ್‌ಗೂ ಚಾಸಿಗೂ ನಡುವೆ. ಹೀಗಾಗಿ ಸ್ಪ್ರಿಂಗ್ ಎಷ್ಟೇ ಎತ್ತರ ಮಾಡಿದರೂ ಡಿಫರೆನ್ಷಿಯಲ್ ಒಂದು ಮಿಲಿಮೀಟರ್ ಕೂಡ ಏಳುವುದಿಲ್ಲ. 2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಮುಂದಿನ ಚಕ್ರಗಳು ಬಿಡಿಬಿಡಿ ಸಸ್ಪೆನ್ಷನ್ ಮೇಲಿವೆ, ಆದ್ದರಿಂದ ಇಲ್ಲಿ ಹೇಳುವುದು ಅದರ ಹಿಂದಿನ ಆಕ್ಸಲ್‌ಗೆ ಮಾತ್ರ ಅನ್ವಯ.

ಮೊದಲು ಅಳತೆ

ಗಾಡಿಯನ್ನು ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ. ಟೈರಿಗೆ ಸರಿಯಾದ ಗಾಳಿ ಇರಲಿ, ನೀವು ಸಾಮಾನ್ಯವಾಗಿ ಹೇರುವಷ್ಟು ಭಾರವೂ ಇರಲಿ. ಈಗ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ. ಎಲ್ಲೆಲ್ಲಿ ಬಣ್ಣ ಕಿತ್ತು ಲೋಹ ಹೊಳೆಯುತ್ತಿದೆ, ಎಲ್ಲಿ ತಗ್ಗು ಬಿದ್ದಿದೆ ಎಂಬುದನ್ನು ಬರೆದುಕೊಳ್ಳಿ. ನಿಮ್ಮ ರಸ್ತೆಯಲ್ಲಿ ಗಾಡಿಯ ಯಾವ ಭಾಗ ತಾಗುತ್ತಿದೆ ಎಂಬುದಕ್ಕೆ ಆ ಗೀರುಗಳಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಆಮೇಲೆ ನೆಲದಿಂದ ಎರಡೂ ಡಿಫರೆನ್ಷಿಯಲ್‌ಗಳ ತಳಕ್ಕೆ, ಸ್ಪ್ರಿಂಗ್ ಪ್ಲೇಟಿನ ತಳಕ್ಕೆ, ಟ್ರಾನ್ಸ್‌ಫರ್ ಕೇಸ್ ಕೆಳಗಿನ ಅಡ್ಡಪಟ್ಟಿಗೆ, ಸೈಲೆನ್ಸರ್ ಪೈಪಿಗೆ ಟೇಪ್ ಹಿಡಿದು ಅಳೆಯಿರಿ. ಜಿಪ್ಸಿಗೂ ಜಿಮ್ನಿಗೂ ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ. ಹಳೆಯ ಗಾಡಿಯಲ್ಲಿ ಟೈರ್ ಸವೆದಿದ್ದರೆ ಅಷ್ಟು ಸಿಗುವುದಿಲ್ಲ.

ಗೀರು ಡಿಫರೆನ್ಷಿಯಲ್ ಮೇಲಿದ್ದರೆ ಮದ್ದು ಟೈರ್. ಟ್ರಾನ್ಸ್‌ಫರ್ ಕೇಸ್ ಅಡ್ಡಪಟ್ಟಿಯ ಮೇಲೋ ಬಂಪರ್ ಅಂಚಿನಲ್ಲೋ ಇದ್ದರೆ ಮಾತ್ರ ಸ್ಪ್ರಿಂಗ್ ಎತ್ತರಿಸಿದ್ದಕ್ಕೆ ಫಲ ಉಂಟು. ಜಿಪ್ಸಿಯ ವೀಲ್‌ಬೇಸ್ 2,375 ಮಿ.ಮೀ., ನಮ್ಮಲ್ಲಿ ಮಾರಾಟವಾದ ಐದು ಬಾಗಿಲಿನ ಜಿಮ್ನಿಯದು 2,590 ಮಿ.ಮೀ. ಚಕ್ರಗಳ ನಡುವಿನ ಅಂತರ ಹೆಚ್ಚಾದಷ್ಟೂ ದಿಣ್ಣೆ ಹತ್ತಿ ಇಳಿಯುವಾಗ ನಡುಹೊಟ್ಟೆ ತಾಗುವ ಸಂಭವ ಹೆಚ್ಚು. ಅಲ್ಲಿ ಸ್ಪ್ರಿಂಗ್ ಲಿಫ್ಟ್ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಕಡಿಮೆ ಖರ್ಚಿನ ಕೆಲಸಗಳು

ಜೋತುಬಿದ್ದ ಫುಟ್‌ಸ್ಟೆಪ್, ಬಳಸದ ಟೋ ಹುಕ್, ಕೆಳಗೆ ಬಾಗಿದ ಸೈಲೆನ್ಸರ್ ಬ್ರಾಕೆಟ್, ಇವನ್ನು ಬಿಚ್ಚಿ ಅಥವಾ ಮೇಲಕ್ಕೆ ಕಟ್ಟಿಸಿ. ಜಿಪ್ಸಿಯಲ್ಲಿ ಇನ್ನೊಂದು ಜಾಗವನ್ನು ಗಮನಿಸಬೇಕು. ಇದರ ಲೀಫ್ ಸ್ಪ್ರಿಂಗ್ ಕಟ್ಟು ಆಕ್ಸಲ್‌ನ ಕೆಳಗೆ ಕೂತಿರುತ್ತದೆ. ಯು ಬೋಲ್ಟ್ ಆಕ್ಸಲ್ ಮೇಲಿಂದ ಇಳಿದು ಸ್ಪ್ರಿಂಗ್ ಪ್ಲೇಟ್ ದಾಟಿ ಕೆಳಗೆ ಬರುತ್ತದೆ, ನಟ್ಟುಗಳು ನೆಲದ ಕಡೆಗೇ ಮುಖ ಮಾಡಿರುತ್ತವೆ. ಬದಲಾಯಿಸಿದ ಬೋಲ್ಟ್ ಉದ್ದವಾಗಿದ್ದರೆ ನಟ್ಟಿನ ಕೆಳಗೆ ಬೆರಳುದ್ದ ಥ್ರೆಡ್ ನೇತಾಡುತ್ತದೆ. ಕಲ್ಲಿಗೆ ಮೊದಲು ಬಡಿಯುವುದು ಅದೇ. ಥ್ರೆಡ್ ಜಜ್ಜಿಹೋದ ಮೇಲೆ ನಟ್ಟು ಬಿಚ್ಚಲಾಗದೆ ಗ್ಯಾಸ್ ಕಟಿಂಗ್ ಮಾಡಿಸಬೇಕಾಗುತ್ತದೆ. ನಟ್ಟನ್ನು ಪೂರ್ತಿ ಬಿಗಿದು, ಎರಡು ಮೂರು ಸುತ್ತು ಥ್ರೆಡ್ ಉಳಿಸಿ ಮಿಕ್ಕಿದ್ದನ್ನು ಕೊಯ್ಸಿಬಿಡಿ. ಸಣ್ಣ ಕೆಲಸ, ಆದರೆ ಚಕ್ರದ ಪಕ್ಕದಲ್ಲೇ ಜಾಗ ಸಿಗುತ್ತದೆ.

ಹತ್ತಾರು ವರ್ಷ ಓಡಿದ ಗಾಡಿಯ ಸ್ಪ್ರಿಂಗ್ ಕಮಾನು ಕಳೆದುಕೊಂಡು ಚಪ್ಪಟೆಯಾಗಿರುತ್ತದೆ. ಇದಕ್ಕೆ ಲಿಫ್ಟ್ ಕಿಟ್ ಬೇಡ. ಹೊಸ ಸ್ಪ್ರಿಂಗ್ ಹಾಕಿಸಿದರೆ ಕಂಪನಿ ಕೊಟ್ಟ ಎತ್ತರ ವಾಪಸ್ ಬರುತ್ತದೆ. ಹಳೆಯ ಪ್ಲೇಟುಗಳನ್ನೇ ಬಾಗಿಸಿ ಕೊಡುವವರೂ ಇದ್ದಾರೆ. ಟೆಂಪರ್ ಸರಿಯಾಗಿ ಮಾಡದಿದ್ದರೆ ಬೇಗ ಮತ್ತೆ ಕುಸಿಯುತ್ತದೆ, ಇಲ್ಲವೇ ತುಂಡಾಗುತ್ತದೆ. ಹೊಸದೇ ಮೇಲು.

ಟೈರಿನ ಲೆಕ್ಕ

ಡಿಫರೆನ್ಷಿಯಲ್ ಏಳಬೇಕಾದರೆ ಟೈರ್ ದೊಡ್ಡದಾಗಬೇಕು. ಸಿಗುವ ಎತ್ತರ ಟೈರಿನ ವ್ಯಾಸದಲ್ಲಿ ಹೆಚ್ಚಾದ ಅಳತೆಯ ಅರ್ಧ. ಲೆಕ್ಕ ಹಾಕುವುದು ಸುಲಭ. ಜಿಪ್ಸಿಯ ಮೂಲ ಟೈರ್ 205/70 ಆರ್ 15. ಅಂದರೆ ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 70, ಅಂದರೆ 143.5 ಮಿ.ಮೀ. ಮೇಲೂ ಕೆಳಗೂ ಸೇರಿ 287. ರಿಮ್ 15 ಇಂಚು, ಅಂದರೆ 381. ಒಟ್ಟು ವ್ಯಾಸ 668 ಮಿ.ಮೀ. ಇದೇ ರೀತಿ 215/75 ಆರ್ 15 ಟೈರಿನ ವ್ಯಾಸ ಸುಮಾರು 703 ಮಿ.ಮೀ. ಬರುತ್ತದೆ. ಲಾಭ 18 ಮಿ.ಮೀ. ಹತ್ತಿರ. 235/75 ಆರ್ 15 ಹಾಕಿದರೆ ವ್ಯಾಸ 733, ಲಾಭ ಸುಮಾರು 33 ಮಿ.ಮೀ. ಜಿಮ್ನಿಯಲ್ಲಿ ಬರುವ 195/80 ಆರ್ 15 ಆಗಲೇ 693 ಮಿ.ಮೀ. ಇರುವುದರಿಂದ 215/75ಕ್ಕೆ ಹೋದರೆ ಐದೇ ಮಿ.ಮೀ. ಸಿಗುತ್ತದೆ.

18 ಮಿ.ಮೀ. ಎಂದರೆ ಇಷ್ಟೇನಾ ಅನ್ನಿಸಬಹುದು. ಕೊರಕಲಿನ ನಡುದಿಬ್ಬಕ್ಕೆ ಹೌಸಿಂಗ್ ಉಜ್ಜುವುದಕ್ಕೂ ಉಜ್ಜದೆ ದಾಟುವುದಕ್ಕೂ ಇರುವ ವ್ಯತ್ಯಾಸ ಅನೇಕ ಸಲ ಅಷ್ಟೇ.

ದೊಡ್ಡ ಟೈರಿಗೆ ಬೆಲೆಯೂ ಉಂಟು. 235/75 ಹಾಕಿದ ಜಿಪ್ಸಿಯಲ್ಲಿ ಮೀಟರ್ 60 ತೋರಿಸುವಾಗ ನಿಜವಾದ ವೇಗ ಸುಮಾರು 66 ಕಿ.ಮೀ. ಗೇರು ಶೇ 10ರಷ್ಟು ಉದ್ದವಾದಂತೆ ಆಗಿ ಚಡಾವಿನಲ್ಲಿ ಎಂಜಿನ್ ಒದ್ದಾಡುತ್ತದೆ. ಬ್ರೇಕ್ ಹಿಡಿಯುವ ದೂರ ಹೆಚ್ಚುತ್ತದೆ, ಆಕ್ಸಲ್ ಶಾಫ್ಟಿಗೂ ಜಾಯಿಂಟಿಗೂ ಹೊರೆ ಏರುತ್ತದೆ. ಆದ್ದರಿಂದ ತೋಟದ ಕೆಲಸಕ್ಕೂ ಪೇಟೆಗೂ ಒಂದೇ ಗಾಡಿ ಓಡಿಸುವವರಿಗೆ ನನ್ನ ಆಯ್ಕೆ 215/75. ಸ್ಟೆಪ್ನಿಯೂ ಅದೇ ಅಳತೆಯದಿರಬೇಕು. ಫೋರ್ ವೀಲ್ ಹಾಕಿದಾಗ ಬೇರೆ ವ್ಯಾಸದ ಒಂದು ಟೈರ್ ಇದ್ದರೂ ಗೇರುಗಳ ಮೇಲೆ ಒತ್ತಡ ಬೀಳುತ್ತದೆ.

ಟೈರ್ ಕೊಳ್ಳುವ ಮುನ್ನ ಸಾಧ್ಯವಾದರೆ ಒಂದನ್ನು ಹಾಕಿ ಪರೀಕ್ಷಿಸಿ. ಆ ಚಕ್ರವನ್ನು ಗಟ್ಟಿ ದಿಣ್ಣೆಯ ಮೇಲೆ ಹತ್ತಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಮಡ್‌ಗಾರ್ಡಿಗೋ ಸ್ಪ್ರಿಂಗಿಗೋ ತಾಗಿದರೆ ಆಗ ಮಾತ್ರ ಸಣ್ಣ ಲಿಫ್ಟ್ ಬೇಕಾಗುತ್ತದೆ.

ಎತ್ತರಿಸಲೇಬೇಕಾದರೆ

ಹೆಚ್ಚಿನವರು ಮಾಡಿಸುವುದು ಉದ್ದನೆಯ ಶ್ಯಾಕಲ್, ಅಂದರೆ ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ. ಎರಡು ಇಂಚು ಉದ್ದ ಹೆಚ್ಚಿಸಿದರೆ ಒಂದೇ ಇಂಚು ಏಳುತ್ತದೆ, ಏಕೆಂದರೆ ಸ್ಪ್ರಿಂಗಿನ ಒಂದು ತುದಿ ಮಾತ್ರ ಇಳಿಯುತ್ತದೆ. ಜೊತೆಗೆ ಜಿಪ್ಸಿಯ ಮುಂದಿನ ಆಕ್ಸಲ್ ತಿರುಚಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಹೆದ್ದಾರಿಯಲ್ಲಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದೆ ಅಲೆದಾಡತೊಡಗುತ್ತದೆ. ಹೆಚ್ಚು ಕಮಾನಿನ ಹೊಸ ಸ್ಪ್ರಿಂಗ್ ಇದಕ್ಕಿಂತ ಉತ್ತಮ. ಸ್ಪ್ರಿಂಗನ್ನು ಆಕ್ಸಲ್ ಮೇಲೆ ಕೂರಿಸುವ ಪದ್ಧತಿಯೂ ಇದೆ. ಸುಮಾರು ಐದು ಇಂಚು ಎತ್ತರ ಸಿಗುತ್ತದೆ, ನೇತಾಡುವ ಸ್ಪ್ರಿಂಗ್ ಪ್ಲೇಟೂ ಮೇಲೆ ಹೋಗುತ್ತದೆ. ಆದರೆ ಸ್ಟೀರಿಂಗ್ ಜೋಡಣೆಯಿಂದ ಹಿಡಿದು ಪ್ರೊಪೆಲ್ಲರ್ ಶಾಫ್ಟ್‌ವರೆಗೆ ಎಲ್ಲ ಬದಲಾಗಬೇಕು. ಅಗಲ ಕಡಿಮೆಯಿರುವ ಜಿಪ್ಸಿ ಅಷ್ಟು ಎತ್ತರದಲ್ಲಿ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು. ರಸ್ತೆಯಲ್ಲಿ ಓಡುವ ಗಾಡಿಗೆ ಅದು ಖಂಡಿತ ಬೇಡ.

ಎಷ್ಟೇ ಸಣ್ಣ ಲಿಫ್ಟ್ ಆದರೂ ಬ್ರೇಕ್ ಹೋಸನ್ನು ಮರೆಯಬೇಡಿ. ಚಾಸಿಯನ್ನು ಜಾಕ್‌ನಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್ ಪೂರ್ತಿ ಜೋಲಲು ಬಿಡಿ. ಹೋಸ್ ಬಿಗಿಯಾಗಿ ಎಳೆದು ನಿಂತಿದ್ದರೆ ಉದ್ದದ್ದು ಹಾಕಿಸಲೇಬೇಕು. ಶಾಕ್ ಅಬ್ಸಾರ್ಬರ್ ಉದ್ದ, ಪ್ರೊಪೆಲ್ಲರ್ ಶಾಫ್ಟಿನ ಜಾರುವ ತುದಿ, ಸ್ಟೀರಿಂಗ್ ರಾಡಿನ ಕೋನವನ್ನೂ ಆಗಲೇ ನೋಡಿ. ಕಾಯಿಲ್ ಸ್ಪ್ರಿಂಗಿನ ಜಿಮ್ನಿಯಲ್ಲಿ ಎತ್ತರಿಸಿದಾಗ ಆಕ್ಸಲ್ ಒಂದು ಬದಿಗೆ ಸರಿಯುತ್ತದೆ, ಅದನ್ನು ನಡುವಿಗೆ ತರಲು ಉದ್ದ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಬೇಕು. ಹೊಸ ಯು ಬೋಲ್ಟ್‌ಗಳನ್ನು ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೆ ಬಿಗಿಯಬೇಕು.

ಕಾನೂನಿನ ಮಾತು ಕೊನೆಗೆ ಬಂದರೂ ಹಗುರವಲ್ಲ. ಆರ್‌ಸಿಯಲ್ಲಿರುವ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮೆಯ ತಕರಾರೂ ಏಳಬಹುದು. ಕೆಲಸ ಹಿಡಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಲಿಖಿತವಾಗಿ ಕೇಳಿಕೊಳ್ಳಿ.

ಇದೆಲ್ಲ ಆದ ಮೇಲೂ ಕಲ್ಲು ಕಂಡಲ್ಲಿ ಅದನ್ನು ನಡುವೆ ಬಿಟ್ಟು ಹೋಗುವ ಅಭ್ಯಾಸ ಬಿಡಿ. ಸಾಲಿಡ್ ಆಕ್ಸಲ್ ಗಾಡಿಯ ಚಕ್ರ ಕಲ್ಲು ಹತ್ತಿದರೆ ಡಿಫರೆನ್ಷಿಯಲ್ ಕೂಡ ಜೊತೆಗೆ ಮೇಲೇಳುತ್ತದೆ. ಜಿಪ್ಸಿಯಲ್ಲಿ ಅದು ನಟ್ಟನಡುವೆ ಇಲ್ಲ, ಒಂದು ಬದಿಗೆ ಸರಿದಿದೆ. ಯಾವ ಬದಿಗೆ ಎಂದು ಕೆಳಗೆ ಮಲಗಿದಾಗಲೇ ನೋಡಿಟ್ಟುಕೊಂಡು, ಆ ಬದಿಯ ಚಕ್ರವನ್ನು ಕಲ್ಲಿನ ಮೇಲೆ ನಿಧಾನವಾಗಿ ಹತ್ತಿಸಿ.