ಶಾಲೆಯಲ್ಲಿರುವಾಗಲೇ ಕಾಲೇಜು ಕ್ರೆಡಿಟ್: ಅಮೆರಿಕದ ಎರಡು ದಾರಿಗಳು

ಅಮೆರಿಕದ ಹೈಸ್ಕೂಲ್ ವಿದ್ಯಾರ್ಥಿ ಕಾಲೇಜು ಕ್ರೆಡಿಟ್ (ಪದವಿಗೆ ಲೆಕ್ಕವಾಗುವ ಕಲಿಕೆಯ ಘಟಕ) ಗಳಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಸಾಮಾನ್ಯ ಕುಟುಂಬದ ಮಕ್ಕಳಿಗೆ ಎರಡನೆಯದೇ ಹೆಚ್ಚು ನ್ಯಾಯದ್ದು. ಮೊದಲನೆಯದು 1955ರಿಂದ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುತ್ತಿರುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಇಲ್ಲಿ ವರ್ಷವಿಡೀ ಓದಿದ್ದಕ್ಕೆ ಕ್ರೆಡಿಟ್ ಸಿಗುವುದು ಮೇ ತಿಂಗಳ ಪರೀಕ್ಷೆಯಿಂದ. ಅಂಕ 1ರಿಂದ 5. ಅನೇಕ ಕಾಲೇಜುಗಳಿಗೆ 3 ಸಾಕು, ಕೆಲವಕ್ಕೆ 4 ಅಥವಾ 5 ಬೇಕು. ಎರಡನೆಯದು ಡ್ಯುಯಲ್ ಎನ್‌ರೋಲ್‌ಮೆಂಟ್, ಅಂದರೆ ನೇರವಾಗಿ ಕಾಲೇಜಿನ ಕೋರ್ಸನ್ನೇ ಓದುವುದು. ಮಿನ್ನೆಸೋಟ 1985ರಲ್ಲೇ ಇದಕ್ಕೆ ಕಾನೂನು ಮಾಡಿತು. ವಾಷಿಂಗ್ಟನ್ ರಾಜ್ಯದ ‘ರನ್ನಿಂಗ್ ಸ್ಟಾರ್ಟ್’ 1990ರ ಶಾಸನದ ಫಲ. ಅಲ್ಲಿ 11 ಮತ್ತು 12ನೇ ತರಗತಿಯವರು ಕಮ್ಯುನಿಟಿ ಕಾಲೇಜಿನಲ್ಲಿ 5 ಕ್ರೆಡಿಟ್‌ನ ಕೋರ್ಸೊಂದನ್ನು ಮುಗಿಸಿದರೆ ಹೈಸ್ಕೂಲಿಗೂ 1 ಕ್ರೆಡಿಟ್ ಸೇರುತ್ತದೆ. ನಿಗದಿತ ಮಿತಿಯೊಳಗೆ ಬೋಧನಾ ಶುಲ್ಕವಿಲ್ಲ. ಮನೆಕೆಲಸ, ಪ್ರಬಂಧ, ಪರೀಕ್ಷೆ ಎಲ್ಲ ಸೇರಿ ಫಲಿತಾಂಶ ಬರುವುದರಿಂದ ಒಂದು ಕೆಟ್ಟ ದಿನ ಇಡೀ ಶ್ರಮವನ್ನು ನುಂಗುವುದಿಲ್ಲ.

ಎಳೆಯರನ್ನು ಹೀಗೆ ಅವಸರಪಡಿಸಬೇಕೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದೇ ಇಲ್ಲ: ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ ಪಡೆದ ಗ್ರೇಡು ಕಾಲೇಜು ದಾಖಲೆಯಲ್ಲಿ ಉಳಿದುಬಿಡುತ್ತದೆ. ಆದರೆ ಸೇರುವುದು ಐಚ್ಛಿಕ. ಒಂದೇ ಕೋರ್ಸಿನಿಂದ ಶುರುಮಾಡುವ ಅವಕಾಶವೂ ಉಂಟು. ನನಗೆ ಹೆಚ್ಚು ಗಂಭೀರವೆನಿಸುವ ತೊಡಕು ಕ್ರೆಡಿಟ್ ವರ್ಗಾವಣೆಯದು. ಸ್ವಂತ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಈ ಕ್ರೆಡಿಟ್ ಒಪ್ಪುತ್ತವೆ. ಹೊರರಾಜ್ಯದ ಅಥವಾ ಖಾಸಗಿ ಸಂಸ್ಥೆಗಳು ನಿರಾಕರಿಸಬಹುದು. ಆದ್ದರಿಂದ ಕೋರ್ಸ್ ಆರಿಸುವ ಮೊದಲೇ ಮುಂದೆ ಸೇರಬೇಕೆಂದಿರುವ ಸಂಸ್ಥೆಯ ನಿಯಮ ನೋಡಿಕೊಳ್ಳಬೇಕು.